ತೆಗೆಯಲು ಮರೆತ ಸಾಲು

ಪುಕ್ಕಟೆ ಕೊಟ್ಟ ವಸ್ತುವಿಗೆ ಜನ ಎಷ್ಟು ಬೈಯಬಲ್ಲರು ಎಂದು ತಿಳಿಯಬೇಕಾದರೆ ಒಂದು ಸಣ್ಣ ಆ್ಯಪ್ ಬರೆದು, ಅದರ ಕೊನೆಯಲ್ಲಿ ನಿಮ್ಮ ಇಮೇಲ್ ವಿಳಾಸ ಹಾಕಿ ನೋಡಬೇಕು. ನಾನು ಹಾಕಿ ಒಂಬತ್ತು ವರ್ಷವಾಯಿತು. ಕಲಬುರಗಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವುದು ನನ್ನ ಹೊಟ್ಟೆಪಾಡು. ಉಳಿದ ಹೊತ್ತಿನಲ್ಲಿ ನಾನು, ನನ್ನ ಗೆಳೆಯ ಇಬ್ಬರೇ ಸೇರಿ ಬೀಗವಿರುವ ಒಂದು ನೋಟ್‌ಬುಕ್ ಆ್ಯಪ್ ನೋಡಿಕೊಳ್ಳುತ್ತೇವೆ. ಫೋನಿನಲ್ಲಿ ಕನ್ನಡದಲ್ಲೋ ಉರ್ದುವಿನಲ್ಲೋ ಬರೆದುಕೊಳ್ಳಬಹುದು. ಬರೆದದ್ದು ಗೂಢಲಿಪಿಯಾಗಿ ಉಳಿಯುತ್ತದೆ. ಪಾಸ್‌ವರ್ಡ್ ಗೊತ್ತಿದ್ದವರು ಮಾತ್ರ ಓದಬಹುದು. ನಮ್ಮ ಕೋಡ್ ಯಾರು ಬೇಕಾದರೂ ನೋಡುವಂತೆ ಬಿಚ್ಚಿಟ್ಟಿದ್ದೇವೆ. ಒಂಬತ್ತು ವರ್ಷದಲ್ಲಿ ಅದನ್ನು ನೋಡಿ ತಿದ್ದಿ ಕಳಿಸಿದವರು ಬೆರಳೆಣಿಕೆಯಷ್ಟು. ಬೈದು ಬರೆದವರ ಲೆಕ್ಕ ಇಟ್ಟಿಲ್ಲ.

ಬೈಗುಳದಲ್ಲಿ ಒಂದು ವಿಶೇಷವಿದೆ. ಅವರು ನಮ್ಮನ್ನು ದೊಡ್ಡ ಕಂಪನಿ ಎಂದುಕೊಂಡಿರುತ್ತಾರೆ. "ನಿಮ್ಮ ಸಿಬ್ಬಂದಿಗೆ ಹೇಳಿ ನಾಳೆಯೊಳಗೆ ಸರಿಪಡಿಸಿ" ಎಂದು ಒಬ್ಬರು ಬರೆದಿದ್ದರು. ನಮ್ಮ ಸಿಬ್ಬಂದಿ ಆ ಹೊತ್ತಿನಲ್ಲಿ ಗ್ಯಾಸ್ ಸಿಲಿಂಡರ್ ತರಲು ಸಾಲಿನಲ್ಲಿ ನಿಂತಿದ್ದ. ಫೋನ್ ತಯಾರಿಸುವ ಕಂಪನಿಗಳು ವರ್ಷಕ್ಕೊಮ್ಮೆ ಫೋನಿನ ಒಳಗನ್ನೆಲ್ಲ ಬದಲಿಸುತ್ತವೆ. ಅದಕ್ಕೆ ತಕ್ಕಂತೆ ನಾವು ನಮ್ಮ ಕೋಡ್ ಬದಲಿಸಬೇಕು. ಬದಲಿಸದಿದ್ದರೆ ಆ್ಯಪ್ ಅಂಗಡಿಯಿಂದ, ಅಂದರೆ ಆ್ಯಪ್ ಸ್ಟೋರಿನಿಂದ, ತೆಗೆದುಹಾಕುತ್ತೇವೆ ಎಂಬ ಎಚ್ಚರಿಕೆ ಬರುತ್ತದೆ. ಹೊಸದೇನನ್ನೂ ಸೇರಿಸದೆ, ಇದ್ದದ್ದು ಇದ್ದ ಹಾಗೆ ನಡೆಯಲಿ ಎಂಬುದಕ್ಕೇ ನನ್ನ ಭಾನುವಾರಗಳೆಲ್ಲ ಹೋಗಿವೆ. "ಇದರಾಗ ನಿಮಗ ಏನ್ ಸಿಗ್ತದ ಹೇಳ್ರಿ ಒಮ್ಮಿ" ಎಂದು ಹೆಂಡತಿ ಕೇಳುವುದನ್ನು ಬಿಟ್ಟೇ ಬಿಟ್ಟಿದ್ದಾಳೆ. ಈಗ ನನ್ನ ಲ್ಯಾಪ್‌ಟಾಪ್ ಕಂಡರೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ, ಅಷ್ಟೆ.

ಗೆಳೆಯ ಶಹಾಬಜಾರದವನು. ಸ್ಟೇಶನ್ ಬಜಾರದಲ್ಲಿ ಅವನದೊಂದು ಡಿಟಿಪಿ, ಝೆರಾಕ್ಸ್ ಅಂಗಡಿ. ಮದುವೆ ಕಾರ್ಡು ಉರ್ದುವಿನಲ್ಲೂ ಕನ್ನಡದಲ್ಲೂ ತಪ್ಪಿಲ್ಲದೆ ಮಾಡಿಕೊಡುವವನು ಆ ಬೀದಿಯಲ್ಲಿ ಅವನೊಬ್ಬನೇ. ಕೋಡ್ ಓದುವುದರಲ್ಲಿ ನನಗಿಂತ ಚುರುಕು. ನಮ್ಮಿಬ್ಬರ ನಡುವೆ ಮೊದಲ ದಿನದಿಂದ ಒಂದು ಕಟ್ಟಳೆಯಿತ್ತು. ಒಬ್ಬ ಬರೆದದ್ದನ್ನು ಇನ್ನೊಬ್ಬ ಸಾಲು ಸಾಲಾಗಿ ಓದದೆ ಹೊರಗೆ ಬಿಡುವಂತಿಲ್ಲ. ಭಾನುವಾರ ಬೆಳಿಗ್ಗೆ ಅವನ ಅಂಗಡಿಯಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ತರಿಸಿಕೊಂಡು ಒಬ್ಬರ ತಪ್ಪು ಒಬ್ಬರು ಹುಡುಕುತ್ತಿದ್ದೆವು. ಮಿರ್ಚಿಯ ಎಣ್ಣೆ ಹತ್ತಿದ ಬೆರಳಿಂದ ಅವನು ಪರದೆಯ ಮೇಲೆ ತೋರಿಸಿದ ಜಾಗದಲ್ಲಿ ತಪ್ಪು ಇದ್ದೇ ಇರುತ್ತಿತ್ತು. ಅದು ನನಗೆ ಸಿಟ್ಟು ತರಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಈ ಕಟ್ಟಳೆ ಮುರಿದದ್ದು ಒಂದು ಅರ್ಜಿಯ ದೆಸೆಯಿಂದ. ಪ್ರತಿ ಸಲ ಹೊಸ ಆವೃತ್ತಿ ಬಿಡುವಾಗ ಆ್ಯಪ್ ಅಂಗಡಿಯವರು ಕೇಳುತ್ತಾರೆ: ನಿಮ್ಮ ಆ್ಯಪ್ ಗೂಢಲಿಪಿ ಬಳಸುತ್ತದೆಯೇ? ಬಳಸಿದರೆ ಯಾವ ಬಗೆಯದು? ಯಾವ ದೇಶದ ರಫ್ತು ಕಾನೂನಿಗೆ ಒಳಪಡುತ್ತದೆ? ನಾನು ತೊಗರಿ ರಫ್ತು ಮಾಡುವುದನ್ನು ಕೇಳಿದ್ದೇನೆ, ಬೀಗದ ಲೆಕ್ಕ ರಫ್ತು ಮಾಡುವುದು ಇಲ್ಲೇ ಗೊತ್ತಾದದ್ದು. ಅದು ಸಾಲದೆಂಬಂತೆ ನಮ್ಮ ದೇಶದಲ್ಲೂ ಆಗಾಗ ಒಂದು ಮಾತು ಏಳುತ್ತದೆ: ಬೀಗ ಮಾಡಿದವರು ಕೀಲಿಯ ಒಂದು ಪ್ರತಿ ಇಟ್ಟುಕೊಂಡಿರಬೇಕು, ಕೇಳಿದಾಗ ಕೊಡಬೇಕು ಎಂದು. ಅಂಥದೊಂದು ಚರ್ಚೆ ನಡೆದಾಗ ನಾವಿಬ್ಬರೂ ಕೂತು ಮೂರು ಪುಟ ಅಭಿಪ್ರಾಯ ಕನ್ನಡದಲ್ಲಿ ಬರೆದು ಸರಕಾರಕ್ಕೆ ಕಳಿಸಿದ್ದೆವು. ನಿಮ್ಮ ಸಂದೇಶ ತಲುಪಿದೆ ಎಂದು ಯಂತ್ರವೊಂದು ಇಂಗ್ಲಿಷಿನಲ್ಲಿ ಉತ್ತರ ಬರೆಯಿತು. ಅಲ್ಲಿಗೆ ಮುಗಿಯಿತು.

"ಕಾಯ್ಕು ಯಾರ್, ಯಾಕ ಇಷ್ಟ ತಲಿ ಕೆಡಸ್ಕೋತಿ? ಗೂಢಲಿಪಿ ಇಲ್ಲ ಅಂತ ಟಿಕ್ ಹಾಕಿ ಬಿಡು. ಎಲ್ಲಾರೂ ಹಂಗೇ ಮಾಡ್ತಾರ" ಎಂದ ಗೆಳೆಯ.

"ಇದ್ದದ್ದನ್ನ ಇಲ್ಲ ಅಂತ ಬರಿ ಅಂತೀಯೇನು? ನಮ್ಮ ಆ್ಯಪಿನ್ಯಾಗ ಇರೋದೇ ಅದೊಂದು" ಎಂದು ನಾನು ಕೂಗಾಡಿದೆ. ಗಿರಾಕಿಗಳ ಮುಂದೆ ಕೂಗಾಡಿದ್ದು ಅವನ ಮನಸ್ಸಿಗೆ ನಾಟಿತು. ಎರಡು ತಿಂಗಳು ಮಾತು ಬಿಟ್ಟೆವು. ಐವತ್ತು ಸಮೀಪಿಸಿದ ಇಬ್ಬರು ಗಂಡಸರು ಒಂದು ಟಿಕ್ ಗುರುತಿಗಾಗಿ.

ಆ ಎರಡು ತಿಂಗಳ ನಡುವೆಯೇ ಒಂದು ದೂರು ಬಂತು. "ಸರಿಯಾದ ಪಾಸ್‌ವರ್ಡ್ ಹಾಕಿದರೂ ತೆರೆಯುವುದಿಲ್ಲ. ದಂಡ ಆ್ಯಪ್" ಎಂದು ಒಬ್ಬರು ದಿನ ಬಿಟ್ಟು ದಿನ ಬರೆಯತೊಡಗಿದರು. ಅವರು ಟೈಪ್ ಮಾಡಿದ್ದು ನಮ್ಮ ಆ್ಯಪಿಗೆ ಹೇಗೆ ತಲುಪುತ್ತಿದೆ ಎಂದು ನೋಡಬೇಕಿತ್ತು. ಆ್ಯಪ್ ಎಡವಿದಾಗ ಏನಾಯಿತೆಂದು ತಾನೇ ಬರೆದಿಡುವ ಒಂದು ಫೈಲ್ ಇರುತ್ತದೆ, ಅದಕ್ಕೆ ಲಾಗ್ ಎನ್ನುತ್ತೇವೆ. ಪಾಸ್‌ವರ್ಡ್ ಎಂದು ಟೈಪ್ ಮಾಡಿದ್ದನ್ನೆಲ್ಲ ಲಾಗಿನಲ್ಲಿ ಬರೆ ಎಂಬ ಒಂದು ಸಾಲನ್ನು ಕೋಡಿನಲ್ಲಿ ಸೇರಿಸಿ ನನ್ನ ಫೋನಿನಲ್ಲಿ ಪರೀಕ್ಷಿಸಿದೆ. ಹುಳುಕು ಸಿಕ್ಕಿತು: ಕೆಲವು ಕೀಬೋರ್ಡುಗಳು ಪದದ ಕೊನೆಗೆ ತಾವಾಗಿ ಒಂದು ಖಾಲಿ ಜಾಗ ಸೇರಿಸುತ್ತಿದ್ದವು. ಸರಿಪಡಿಸಿದೆ. ಖುಷಿಯಾಯಿತು. ಗೆಳೆಯನಿಗೆ ತೋರಿಸಬೇಕಲ್ಲ ಎನಿಸಿತು. ಅವನ ಮುಖ ನೆನಪಾಗಿ, ಇಷ್ಟು ಸಣ್ಣದಕ್ಕೆ ಅವನ ಕಾಲು ಹಿಡಿಯಬೇಕೇ ಎಂದುಕೊಂಡು ನಾನೊಬ್ಬನೇ ಹೊರಗೆ ಬಿಟ್ಟೆ. ದೂರಿದವರು ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಆ ಸಿಟ್ಟಿನಲ್ಲಿಯೇ ನಾನು ಉಳಿದದ್ದನ್ನು ಮರೆತೆ.

ಅದಾಗಿ ಮೂರು ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ಕಮಲಾಪುರದ ಹಿರಿಯರೊಬ್ಬರು ಮನೆಗೆ ಬಂದರು. ತೊಗರಿ ವ್ಯಾಪಾರಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು. ಹಣ್ಣನ್ನು ನನ್ನ ಹೆಂಡತಿಯ ಕೈಗೇ ಕೊಟ್ಟು, ಚಾ ಕುಡಿದು, ಆಮೇಲೆ ಮಾತು ತೆಗೆದರು.

"ಸರ್, ಈ ಬೀಗದ ಆ್ಯಪ್ ಮಾಡಿದವರು ನೀವೇ ಅಂತಲ್ರಿ. ಹಂಗಾದ್ರ ಕೀಲಿ ನಿಮ್ಮ ಹತ್ರ ಇರಬೇಕು."

ಅವರ ಮಗನ ಮದುವೆಯಾಗಿ ಮೂರು ವರ್ಷ. ಸೊಸೆ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು ಬಿ.ಎಡ್ ಓದುತ್ತಾಳೆ. ಮಕ್ಕಳಾಗಿಲ್ಲ. "ನಮ್ಮೂರಾಗ ಒಬ್ಬಾಕಿ ಆಶಾ ಕಾರ್ಯಕರ್ತೆ ಇದ್ದಾಳ್ರಿ. ಅಕಿ ಜೋಡಿ ಹೋಗಿ ನಮ್ಮ ಸೊಸಿ ಮಕ್ಕಳಾಗದಂಗ ಸೂಜಿ ಹಾಕಿಸ್ಕೋತಾಳ ಅಂತ ಮನ್ಯಾಗ ಅನುಮಾನ. ಆ ಕಾರ್ಯಕರ್ತೆ ಎಲ್ಲಾ ನಿಮ್ಮ ಆ್ಯಪಿನ್ಯಾಗ ಬರೀತಾಳ. ನಾ ಯಾರಿಗೂ ಬಯ್ಯಾಂವ ಅಲ್ರಿ. ಖರೇ ಏನದ ಅಂತ ಗೊತ್ತಾದ್ರ ಸಾಕು."

ಅವರು ತಮ್ಮ ಫೋನ್ ತೆಗೆದು ಒಂದು ಫೈಲ್ ತೋರಿಸಿದರು. ನೋಡಿದ ಕೂಡಲೇ ತಿಳಿಯಿತು, ನಮ್ಮ ಆ್ಯಪಿನ ಬ್ಯಾಕಪ್, ಅಂದರೆ ಬರೆದದ್ದು ಕಳೆಯದಿರಲೆಂದು ತೆಗೆದಿಡುವ ಪ್ರತಿ. ಹಿಂದಿನ ವಾರ ಆಶಾ ಕಾರ್ಯಕರ್ತೆ ಒಡೆದ ಪರದೆ ಬದಲಿಸಲು ಫೋನನ್ನು ರಿಪೇರಿ ಅಂಗಡಿಗೆ ಕೊಟ್ಟಿದ್ದಾಗ, ಆ ಅಂಗಡಿಯಲ್ಲಿದ್ದ ಇವರ ಸಂಬಂಧಿಕ ನಕಲು ಮಾಡಿ ಕೊಟ್ಟಿದ್ದನಂತೆ. ಆ ಕಾರ್ಯಕರ್ತೆಯನ್ನು ನಾನು ಬಲ್ಲೆ. ಕಮಲಾಪುರದಲ್ಲಿ ಆಶಾ ಕಾರ್ಯಕರ್ತೆಯರಿಗೆಲ್ಲ ಫೋನ್ ಬಳಕೆ ಕಲಿಸಲು ಒಂದು ಶನಿವಾರ ಹೋಗಿದ್ದಾಗ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದ್ದವಳು ಅವಳೇ.

"ಇದು ನಿಮ್ಮದಲ್ರಿ. ಅಳಿಸಿಬಿಡ್ರಿ" ಎಂದೆ. "ನನ್ನ ಹತ್ರ ಕೀಲಿ ಇಲ್ಲ. ಯಾರ ಹತ್ರನೂ ಇಲ್ಲ. ಅಕಿ ಪಾಸ್‌ವರ್ಡ್ ಇಲ್ಲದೆ ದೇವರು ಬಂದ್ರೂ ತೆಗೀಲಾಕ ಬರಂಗಿಲ್ಲ."

"ಕಾನೂನು ಅದ ಅಂತಲ್ರಿ? ಕೇಳಿದ್ರ ಕೊಡಬೇಕು ಅಂತ ನಮ್ಮ ವಕೀಲರು ಹೇಳ್ಯಾರ."

"ಕೇಳಬೇಕಾದ್ದು ಸರಕಾರ, ನೀವಲ್ಲ. ಸರಕಾರ ಕೇಳಿದ್ರೂ ಇದ್ದದ್ದನ್ನ ಕೊಡಬಹುದು. ಇಲ್ಲದ್ದನ್ನ ಎಲ್ಲಿಂದ ಕೊಡ್ಲಿ?"

ಈ ಮಾತನ್ನು ಯಾರಿಗಾದರೂ ಹೇಳಬೇಕೆಂದು ಎಷ್ಟು ವರ್ಷದಿಂದ ಕಾದಿದ್ದೆನೋ. ಮೂರು ಪುಟದಲ್ಲಿ ಬರೆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹಿರಿಯರು ಬೇಸರ ಮಾಡಿಕೊಳ್ಳಲಿಲ್ಲ. "ಇರ್ಲಿ ಬಿಡ್ರಿ, ತೆಗೀಲಾಕ ಬರಂಗಿಲ್ಲ ಅಂದ್ರ ಫೋನಿನ್ಯಾಗ ಬಿದ್ದಿದ್ರೂ ಏನ್ ಆಗ್ತದ" ಎಂದು ಫೈಲನ್ನು ಅಳಿಸದೆ ಎದ್ದು ಹೋದರು.

ಮಧ್ಯಾಹ್ನದ ಊಟವಾದ ಮೇಲೂ ನನ್ನ ಹುರುಪು ಇಳಿದಿರಲಿಲ್ಲ. ಆ್ಯಪಿನ ಸಹಾಯ ಪುಟದಲ್ಲಿ, ಬ್ಯಾಕಪ್ ಬೇರೆಯವರ ಕೈಗೆ ಸಿಕ್ಕರೂ ಹೆದರಬೇಕಿಲ್ಲ ಎಂದು ಬರೆಯೋಣವೆಂದು ಕೂತೆ. ಜೊತೆಗೊಂದು ಚಿತ್ರವಿರಲಿ, ಒಳಗೆ ಬರೀ ಅರ್ಥವಿಲ್ಲದ ಅಕ್ಷರಗಳಿರುವುದು ಕಾಣಲಿ ಎಂದು ನನ್ನದೇ ಫೋನಿನಿಂದ ಒಂದು ಬ್ಯಾಕಪ್ ತೆಗೆದು ಬಿಚ್ಚಿದೆ. ಅರ್ಥವಿಲ್ಲದ ಅಕ್ಷರಗಳಿದ್ದವು. ಅದರ ಪಕ್ಕದಲ್ಲಿ ಲಾಗ್ ಫೈಲ್ ಇತ್ತು. ಅದರೊಳಗೆ ನನ್ನ ಪಾಸ್‌ವರ್ಡ್ ಇತ್ತು, ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ ಹಾಗೆ, ಒಂದಲ್ಲ, ನಾನು ಆ್ಯಪ್ ತೆರೆದಷ್ಟು ಸಲ.

ಪರೀಕ್ಷೆಗೆಂದು ಸೇರಿಸಿದ ಆ ಸಾಲನ್ನು ನಾನು ತೆಗೆದಿರಲಿಲ್ಲ. ತೆಗೆಯದೆಯೇ ಹೊರಗೆ ಬಿಟ್ಟಿದ್ದೆ. ಅಷ್ಟೇ ಆಗಿದ್ದರೆ ಅದು ಅವರವರ ಫೋನಿನಲ್ಲೇ ಬಿದ್ದಿರುತ್ತಿತ್ತು. ಆದರೆ ದೂರುವವರಿಗೆ ಲಾಗ್ ಹುಡುಕಿ ಕಳಿಸಿ ಎಂದು ಹೇಳಿ ಹೇಳಿ ಸಾಕಾಗಿ, ಬ್ಯಾಕಪ್ ತೆಗೆದರೆ ಲಾಗ್ ಕೂಡ ಅದರೊಳಗೆ ಬೀಗವಿಲ್ಲದೆ ಸೇರುವಂತೆ ಹಿಂದಿನ ವರ್ಷ ನಾನೇ ಮಾಡಿದ್ದೆ. ಅಂದರೆ ಮೂರು ತಿಂಗಳಿಂದ ಯಾರು ಬ್ಯಾಕಪ್ ತೆಗೆದರೂ ಪೆಟ್ಟಿಗೆಯ ಜೊತೆ ಕೀಲಿಯನ್ನೂ ಕಟ್ಟಿ ಕೊಡುತ್ತಿದ್ದೆವು. ಆ ಹಿರಿಯರು ಕೇಳಲು ಬಂದ ಕೀಲಿ ಅವರ ಅಂಗಿಯ ಜೇಬಿನಲ್ಲೇ ಇತ್ತು. ನಾನು ಅವರಿಗೆ ಕಾನೂನು ಬೋಧಿಸಿ ಕಳಿಸಿದ್ದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಸಂಜೆ ನಾಲ್ಕಕ್ಕೆ ಸ್ಟೇಶನ್ ಬಜಾರಕ್ಕೆ ಹೋದೆ. ಐದು ತಿಂಗಳ ಮೇಲೆ ಅವನ ಅಂಗಡಿ ಮೆಟ್ಟಿಲು ಹತ್ತಿದ್ದು. ಮಾತು ಮತ್ತೆ ಶುರುವಾಗಿತ್ತು, ಆದರೆ ಫೋನಿನಲ್ಲಿ ಮಾತ್ರ, ಅದೂ ಹಬ್ಬಕ್ಕೆ. ಗೆಳೆಯ ಏನೂ ಕೇಳದೆ ಕುರ್ಚಿ ಎಳೆದು ಕೊಟ್ಟ. ಕೋಡ್ ತೋರಿಸಿದೆ. ಅವನು ಒಂದು ನಿಮಿಷ ಕೂಡ ತೆಗೆದುಕೊಳ್ಳಲಿಲ್ಲ, ಬೆರಳು ನೇರವಾಗಿ ಆ ಸಾಲಿನ ಮೇಲೆ ಹೋಯಿತು.

"ಅರೆ ಯಾರ್... ಒಂದ್ ಸಲ ತೋರಿಸಿದ್ರ ಆಗ್ತಿದ್ದಿಲ್ಲೇನು?"

"ನೀ ಮಾತಾಡ್ತಿದ್ದಿಲ್ಲಲ್ಲ."

"ಮಾತಾಡ್ತಿದ್ದಿಲ್ಲ. ಕೋಡ್ ಓದಂಗಿಲ್ಲ ಅಂತ ಅಂದಿದ್ನೇನು?"

ನಾನು ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡೆ. ಸಾಲನ್ನು ತೆಗೆದು, ಹಳೆಯ ಲಾಗುಗಳನ್ನು ಅಳಿಸುವ ಹೊಸ ಆವೃತ್ತಿಯನ್ನು ಅಲ್ಲೇ ಕೂತು ಮಾಡಿದೆವು. ತಲೆನೋವಾದದ್ದು ಮುಂದಿನದು. ನಮ್ಮ ಕಸುಬಿನ ನೀತಿಯಂತೆ ತಪ್ಪಾಗಿದ್ದರೆ ಎಲ್ಲರಿಗೂ ಬಿಚ್ಚಿ ಹೇಳಬೇಕು: ಹಳೆಯ ಬ್ಯಾಕಪ್ಪುಗಳಲ್ಲಿ ಪಾಸ್‌ವರ್ಡ್ ಕಾಣುತ್ತದೆ, ನೋಡಿಕೊಳ್ಳಿ ಎಂದು. ಬಿಚ್ಚಿ ಹೇಳಿದರೆ ಆ ರಿಪೇರಿ ಅಂಗಡಿಯವನೂ ಓದುತ್ತಾನೆ. ಹಿರಿಯರ ಬಳಿ ಹೋಗಿ ಫೈಲ್ ಅಳಿಸಿ ಎಂದು ಗೋಗರೆಯೋಣವೆಂದರೆ, ಬೆಳಿಗ್ಗೆ ತೆರೆಯುವುದೇ ಇಲ್ಲವೆಂದವನು ಸಂಜೆ ಯಾಕೆ ಗೋಗರೆಯುತ್ತಾನೆ ಎಂದು ಅವರಿಗೆ ತಿಳಿಯದೆ ಇರುತ್ತದೆಯೇ? ಕೊನೆಗೆ ಗೆಳೆಯನೇ ಹೇಳಿದ: "ಈಗ ಹೊಸಾದು ಬಿಡೂಣು. ಊರಿಗೆಲ್ಲಾ ಹೇಳೋದು ನಾಳಿ ಸಂಜಿಗೆ. ಅದರ ಮೊದಲ ನೀ ಕಮಲಾಪುರಕ್ಕ ಹೋಗು. ಆ ಆಶಾ ಕಾರ್ಯಕರ್ತೆಗೆ ಮೊದಲ ಗೊತ್ತಾಗಬೇಕು." ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ 'ಸಣ್ಣಪುಟ್ಟ ದುರಸ್ತಿ' ಎಂದು ಬರೆದೆ. ಒಂದು ಟಿಕ್ ಗುರುತಿಗೆ ಕೂಗಾಡಿದ್ದವನು ನಾನೇ.

ಮರುದಿನ ಕಾಲೇಜಿಗೆ ರಜೆ ಹಾಕಿ ಬಸ್ಸು ಹತ್ತಿದೆ. ಮಹಾಗಾಂವದಲ್ಲಿ ಅರ್ಧ ಬಸ್ಸು ಇಳಿದು ಅಷ್ಟೇ ಮಂದಿ ಹತ್ತಿದರು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ, ಜೋಡಿಸಿದ್ದೆಲ್ಲ ನೆಪದ ಹಾಗೆ ಕೇಳಿಸಿತು.

ಆಶಾ ಕಾರ್ಯಕರ್ತೆ ಮನೆಯ ಕಟ್ಟೆಯ ಮೇಲೆ ರಿಜಿಸ್ಟರ್ ಹರಡಿಕೊಂಡು ಕೂತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು. ನನ್ನನ್ನು ಕಂಡು ನಗುತ್ತ ಎದ್ದಳು. "ಬರ್ರಿ ಸರ್, ಇತ್ತ ಕಡಿ ಹೆಂಗ ಬಂದೀರಿ?" ನಾನು ಕೂರದೆಯೇ ಎಲ್ಲ ಹೇಳಿದೆ. ಫೈಲ್ ಯಾರ ಬಳಿ ಇದೆ, ಹೇಗೆ ಹೋಯಿತು, ಅದರೊಳಗೆ ಏನಿದೆ, ತಪ್ಪು ಯಾರದು.

ಅವಳ ನಗು ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವೇ ಹೋಯಿತು. "ಓದ್ಯಾರೇನ್ರಿ ಅವರು?"

"ನಿನ್ನಿ ಬೆಳಿಗ್ಗಿತನ ಓದಿಲ್ಲ. ಇನ್ನ ಮುಂದ ಗೊತ್ತಿಲ್ಲ."

"ಸೂಜಿದೊಂದೇ ಅಲ್ರಿ ಅದರಾಗ ಇರೋದು" ಎಂದಳು. "ಯಾರ ಗಂಡ ಹೊಡೀತಾನ, ಯಾರು ಯಾವ ದವಾಖಾನಿಗೆ ಹೋಗಿ ಏನ್ ಮಾಡಿಸ್ಕೊಂಡು ಬಂದ್ರು, ಎಲ್ಲಾ ಅದ. ಹದಿನಾರು ಮನಿ ಹೆಣ್ಮಕ್ಕಳು." ರಿಜಿಸ್ಟರ್ ಮುಚ್ಚಿಟ್ಟು ಮತ್ತೆ ಹೇಳಿದಳು: "ಮೊದಲ ನಾ ಏನೂ ಬರೀತಿದ್ದಿಲ್ರಿ ಸರ್. ಎಲ್ಲಾ ತಲ್ಯಾಗ ಇಟ್ಕೋತಿದ್ದೆ. ತಲಿ ಮ್ಯಾಲ ಭಾರ ಇಟ್ಕೋಬ್ಯಾಡ್ರಿ, ಇದರಾಗ ಬರೀರಿ, ಯಾರಿಗೂ ಸಿಗಂಗಿಲ್ಲ ಅಂತ ನೀವೇ ಹೇಳಿದ್ರಿ."

ಹೇಳಿದ್ದೆ. ಆ ಶನಿವಾರ, ಮೈಕು ಹಿಡಿದು ಹೇಳಿದ್ದೆ. ಚಪ್ಪಾಳೆ ಕೂಡ ಬಿದ್ದಿತ್ತು.

ಮೊದಲು ಸೊಸೆಗೆ ತಿಳಿಸಬೇಕಿತ್ತು. ಅವಳು ಕಾಲೇಜಿನಿಂದ ಬರುವ ಮೂರು ಗಂಟೆಯ ಬಸ್ಸಿಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಕಾದೆವು. ಹೆಗಲಿಗೆ ಚೀಲ ಹಾಕಿಕೊಂಡು ಇಳಿದ ಹುಡುಗಿಯನ್ನು ಆಶಾ ಕಾರ್ಯಕರ್ತೆ ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡಿದಳು. ನಾನು ದೂರದ ಬೆಂಚಿನ ಮೇಲೆ ಕೂತಿದ್ದೆ. ಹುಡುಗಿ ಒಮ್ಮೆ ನನ್ನ ಕಡೆ ನೋಡಿದಳು. ಬಂದು ಬೈದಿದ್ದರೆ ಹಗುರವಾಗುತ್ತಿತ್ತೇನೋ, ಬರಲಿಲ್ಲ. ಚೀಲ ಸರಿಪಡಿಸಿಕೊಂಡು ಮನೆಯ ದಾರಿ ಹಿಡಿದಳು.

"ಅಕಿ ತಾನೇ ಹೇಳ್ತಾಳಂತ್ರಿ, ಇವತ್ತೇ" ಎಂದಳು ಆಶಾ ಕಾರ್ಯಕರ್ತೆ ಹಿಂತಿರುಗಿ. "ಮಾವಾರು ಅದರಾಗ ಓದೋಕಿಂತ ನನ್ನ ಬಾಯಿಲೆ ಕೇಳ್ಲಿ ಅಂದ್ಲು. ಪರೀಕ್ಷಿ ಮುಗದ ಮ್ಯಾಲ ಗಂಡಗ ಹೇಳಿ, ಅವನ ಕಡಿಂದ ಮನ್ಯಾಗ ಹೇಳಸಬೇಕು ಅಂತ ಮಾಡಿದ್ಲು. ಪರೀಕ್ಷಿ ಇನ್ನ ಎರಡು ತಿಂಗಳದ."

ಯಾವಾಗ ಹೇಳಬೇಕು, ಯಾರಿಗೆ ಮೊದಲು ಹೇಳಬೇಕು ಎಂದು ಆ ಹುಡುಗಿ ತನ್ನೊಳಗೆ ಲೆಕ್ಕ ಹಾಕಿಕೊಂಡಿದ್ದಳು. ಅದು ಅವಳದೇ ಆಗಿದ್ದ ಒಂದೇ ಒಂದು ಸಂಗತಿ. ಅದನ್ನು ನಾನು ಅವಳಿಂದ ಕಿತ್ತುಕೊಂಡಿದ್ದೆ, ಅವಳ ಹೆಸರು ಕೂಡ ತಿಳಿಯದೆ.

ಸಂಜೆ ಗೆಳೆಯ ಎಲ್ಲರಿಗೂ ಬಿಚ್ಚಿ ಹೇಳುವ ಮೊದಲು ಉಳಿದ ಹದಿನೈದು ಮನೆಗೂ ಆಶಾ ಕಾರ್ಯಕರ್ತೆಯೇ ಹೋಗಬೇಕು. ನಾನು ಜೊತೆಗೆ ಹೋಗುವಂತಿರಲಿಲ್ಲ. ಗಂಡಸು ಬಾಗಿಲಲ್ಲಿ ನಿಂತರೆ ಯಾವ ಹೆಂಗಸು ಮಾತಾಡುತ್ತಾಳೆ? ಓಣಿಯ ಬಾಯಲ್ಲಿ ಒಂದು ಚಾ ಅಂಗಡಿಯ ಮುಂದೆ ಕೂತೆ. ಅವಳು ಒಂದು ಮನೆಯಿಂದ ಹೊರಗೆ ಬಂದು ಇನ್ನೊಂದಕ್ಕೆ ಹೋಗುವುದು ಅಲ್ಲಿಂದ ಕಾಣುತ್ತಿತ್ತು. ಒಂದು ಮನೆಯಲ್ಲಿ ಬಹಳ ಹೊತ್ತು ತಡೆದಳು. ಇನ್ನೊಂದು ಮನೆಯ ಹೊಸ್ತಿಲಲ್ಲೇ ಮಾತು ಮುಗಿದು ಬಾಗಿಲು ಹಾಕಿಕೊಂಡಿತು. ನನ್ನ ಫೋನಿಗೆ ಅಷ್ಟರಲ್ಲಿ ಒಂದು ಇಮೇಲ್ ಬಂತು: ಹೊಸ ಆವೃತ್ತಿಯಲ್ಲಿ ಬಣ್ಣ ಬದಲಿಸುತ್ತೀರೆಂದು ಕಾದಿದ್ದೆ, ಬರೀ ಸಣ್ಣಪುಟ್ಟ ದುರಸ್ತಿಯೇ? ಫೋನನ್ನು ಜೇಬಿಗೆ ಹಾಕಿಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಬಂದು ಎದುರಿನ ಬೆಂಚಿನಲ್ಲಿ ಕೂತಳು. ಚಾ ಬೇಡವೆಂದಳು. ಫೋನ್ ತೆಗೆದು ನಮ್ಮ ಆ್ಯಪ್ ತೆರೆದು ನನ್ನ ಮುಂದಿಟ್ಟಳು.

"ಎಲ್ಲಾ ಅಳಸೋದು ಎಲ್ಲಿ ಅದ ತೋರಸ್ರಿ."

"ಅಕ್ಕಾ, ಈಗ ಸರಿ ಆಗ್ಯಾದ. ನಿನ್ನಿ ಹೊಸಾದು ಬಿಟ್ಟೀವಿ. ಪಾಸ್‌ವರ್ಡ್ ಒಂದು ಬದಲಿ ಮಾಡ್ರಿ ಸಾಕು, ಇನ್ನ ಮುಂದ ಯಾರಿಗೂ..."

ಆ ಮಾತನ್ನು ಮುಗಿಸಲು ನನಗೇ ಆಗಲಿಲ್ಲ.

"ಬೀಗ ಸರಿ ಆಗಿರ್ಬಹುದು ಸರ್. ಇಲ್ಲ ಅನ್ನಂಗಿಲ್ಲ. ನಾ ಇನ್ನ ಬರಿಯಂಗಿಲ್ಲ" ಎಂದಳು. "ಇನ್ನ ಮುಂದ ಅವರೂ ಹೇಳಂಗಿಲ್ಲ, ನಾನೂ ಬರಿಯಂಗಿಲ್ಲ."

ಎಲ್ಲಿದೆ ಎಂದು ತೋರಿಸಿದೆ. ಪರದೆಯ ಮೇಲೆ ಎಚ್ಚರಿಕೆ ಬಂತು. ಅವಳು ಅದನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದಳು: "ಅಳಿಸಿದರೆ ನೀವು ಬರೆದದ್ದೆಲ್ಲ ಹೋಗುತ್ತದೆ. ಯಾರಿಗೂ ಮರಳಿ ಸಿಗುವುದಿಲ್ಲ. ಮುಂದುವರಿಯಲೇ?" ಆ ಮೂರು ವಾಕ್ಯ ಬರೆದವನು ನಾನು. ಎಷ್ಟೊಂದು ಸಲ ತಿದ್ದಿ, ಸರಳವಾಗಿರಲಿ ಎಂದು ಬರೆದದ್ದು. ಅವಳು ಹೌದು ಎಂಬುದನ್ನು ಒತ್ತಿದಳು. ಪುಸ್ತಕ ಖಾಲಿಯಾಯಿತು.

"ಇಲ್ಲಿಂದ ಹೋತು" ಎಂದಳು. "ಅವರ ಹತ್ರ ಇದ್ದದ್ದು?"

"ಅದು ಹೋಗಂಗಿಲ್ರಿ" ಎಂದೆ.

ಅವಳು ತಲೆಯಾಡಿಸಿ, ಫೋನನ್ನು ಚೀಲದೊಳಗಿಟ್ಟು ಎದ್ದಳು. ಅವಳು ಆವತ್ತು ನನ್ನಿಂದ ಕೇಳಿಕೊಂಡು ಪೂರ್ತಿ ನಂಬಿದ ಮಾತು ಅದೊಂದೇ.